ಪಡುವಣ ಕಿಟಕಿಗೆ ಮನೆಯಲ್ಲೇ ಹೊಲಿದ ಬಿಸಿಲುಮರೆ

ನಿಮ್ಮ ಮನೆಯ ಮುಂದಿನ ಕೋಣೆಯ ಕಿಟಕಿ ಪಡುವಣಕ್ಕೆ ಮುಖ ಮಾಡಿದೆಯೆ? ಹಾಗಿದ್ದರೆ ಬೇಸಗೆಯಲ್ಲಿ ಮಧ್ಯಾಹ್ನ ಮೂರು ಗಂಟೆಯಾದ ಮೇಲೆ ಆ ಕೋಣೆಯಲ್ಲಿ ಕುಳಿತಿರುವುದು ಎಷ್ಟು ಕಷ್ಟವೆಂಬುದನ್ನು ನಿಮಗೆ ಬೇರೆ ಹೇಳಬೇಕಾಗಿಲ್ಲ. ರೇಡಿಯೋ ಇರುವುದೂ ಆ ಕೋಣೆಯಲ್ಲಿಯೇ, ಬಂದವರನ್ನು ಕೂರಿಸುವುದೂ ಅಲ್ಲಿಯೇ, ವಯಸ್ಸಾದವರು ಊಟದ ನಂತರ ಸ್ವಲ್ಪ ಅಡ್ಡಾಗುವುದೂ ಅಲ್ಲಿಯೇ. ಪಂಖ ಹಾಕಿದರೆ ಕಾದ ಗಾಳಿಯೇ ಸುತ್ತುತ್ತದೆ. ದಪ್ಪನೆಯ ಪರದೆ ಎಳೆದರೆ ಕತ್ತಲಾಗುತ್ತದೆಯೇ ಹೊರತು ಕಾವು ತಗ್ಗುವುದು ಅಷ್ಟಕ್ಕಷ್ಟೆ.

ಇದಕ್ಕೆ ಕಾರಣವಿಷ್ಟೆ: ಬಿಸಿಲು ಗಾಜನ್ನು ದಾಟಿ ಒಳಗೆ ಬಂದು ಪರದೆಗೆ ಬಿದ್ದಾಗ ಪರದೆಯೇ ಕಾಯುತ್ತದೆ, ಆ ಕಾವಿನ ಬಹುಪಾಲು ಕೋಣೆಯೊಳಗೇ ಉಳಿಯುತ್ತದೆ. ಆದುದರಿಂದ ಬಿಸಿಲನ್ನು ಗೋಡೆಯ ಹೊರಗೇ ತಡೆಯಬೇಕು. ಕ್ಯಾನ್ವಾಸ್ ಬಟ್ಟೆ, ಒಂದಿಷ್ಟು ಕಬ್ಬಿಣದ ಪೈಪು, ಹಗ್ಗ, ಒಂದು ಹೊಲಿಗೆ ಯಂತ್ರ, ಇಷ್ಟಿದ್ದರೆ ಎರಡು ರಜೆಯ ದಿನಗಳಲ್ಲಿ ಇಂಥ ಬಿಸಿಲುಮರೆಯನ್ನು ನೀವೇ ಮಾಡಿಕೊಳ್ಳಬಹುದು.

ಆದರೆ ಮೊದಲೇ ಒಂದು ಮಾತು. ಬಿಸಿಲನ್ನು ತಡೆಯುವುದು ಸುಲಭ. ಗಾಳಿಯನ್ನೂ ಮಳೆಯನ್ನೂ ತಾಳಿಕೊಳ್ಳುವುದು ಕಷ್ಟ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಮೊದಲ ಸಲ ನಾನು ಒಂದು ಟಾರ್ಪಾಲನ್ನು ಗೋಡೆಯ ಎರಡು ಮೊಳೆಗಳಿಗೂ ಎದುರಿಗೆ ನೆಟ್ಟ ಎರಡು ಗಳುಗಳಿಗೂ ಮಟ್ಟಸವಾಗಿ ಕಟ್ಟಿದ್ದೆ. ನೆರಳೇನೋ ಚೆನ್ನಾಗಿಯೇ ಬಿತ್ತು. ಭರಣಿ ಮಳೆಯ ಒಂದು ಸಂಜೆ ನೀರು ಅದರ ನಡುವೆ ತುಂಬಿಕೊಂಡು, ಮೊಳೆಗಳು ಗಾರೆಯ ಸಮೇತ ಕಿತ್ತು ಬಂದವು. ಕೆಳಗಿದ್ದ ಹೂವಿನ ಕುಂಡಗಳು ಒಡೆದುಹೋದವು. ಐದೇ ನಿಮಿಷ ಮೊದಲು ನಮ್ಮ ಅತ್ತೆಯವರು ಅದೇ ಜಾಗದಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಗುಡುಗು ಕೇಳಿ ಒಳಗೆ ಬಂದದ್ದರಿಂದ ಬದುಕಿಕೊಂಡೆವು.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಬಟ್ಟೆಯ ಮೇಲೆ ೫ ಸೆಂಟಿಮೀಟರ್ ನೀರು ನಿಂತರೆ ಅದರ ತೂಕ ೫೦ ಕಿಲೋಗ್ರಾಂ. ಗಾಳಿಯ ಲೆಕ್ಕ ಇನ್ನೂ ಗಮನಿಸಬೇಕಾದದ್ದು. ಗಂಟೆಗೆ ೩೬ ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು ೬ ಕಿಲೋ ಭಾರದಷ್ಟು ಒತ್ತುತ್ತದೆ. ವೇಗ ಎರಡರಷ್ಟಾಗಿ ೭೨ ಕಿಲೋಮೀಟರಾದರೆ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ ಸುಮಾರು ೨೪ ಕಿಲೋ ಆಗುತ್ತದೆ. ನಾವು ಈಗ ಮಾಡಲಿರುವ ಮರೆಯ ಅಳತೆ ಸುಮಾರು ಎರಡು ಚದರ ಮೀಟರ್. ಬಿರುಗಾಳಿಗೆ ಸಿಕ್ಕರೆ ಅದು ಅರ್ಧ ಕ್ವಿಂಟಾಲಿನಷ್ಟು ಬಲದಿಂದ ಗೋಡೆಯನ್ನು ಜಗ್ಗಬಲ್ಲದು. ಹಾಗಾಗಿ ನಮ್ಮ ಬಿಸಿಲುಮರೆಗೆ ಮೂರು ಗುಣಗಳಿರಬೇಕು: ಇಳಿಜಾರಾಗಿರಬೇಕು, ಬಿಗಿಯಾಗಿರಬೇಕು, ಗಾಳಿ ಎದ್ದಾಗ ಅರೆನಿಮಿಷದಲ್ಲಿ ಮಡಚಿಕೊಳ್ಳಬೇಕು. ಮೂರನೆಯದೇ ಎಲ್ಲಕ್ಕಿಂತ ಮುಖ್ಯ.

ಎಷ್ಟು ಇಳಿಜಾರು?

ಕಿಟಕಿಯ ಮೇಲೆ ಕಾಂಕ್ರೀಟಿನ ಸಜ್ಜಾ ಇರುವಾಗ ಇನ್ನೊಂದು ಮರೆ ಏಕೆ ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿ ಏಪ್ರಿಲ್ ೨೪ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಸಜ್ಜಾದ ನೆರಳು ಕಿಟಕಿಯನ್ನು ಪೂರ್ತಿ ಕಾಯುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ಸೂರ್ಯ ಪಡುವಣದಲ್ಲಿ ನೆಲಮಟ್ಟದಿಂದ ಸುಮಾರು ೩೬ ಡಿಗ್ರಿ ಎತ್ತರಕ್ಕೂ, ಐದು ಗಂಟೆಗೆ ಸುಮಾರು ೨೨ ಡಿಗ್ರಿಗೂ ಇಳಿದಿರುತ್ತಾನೆ. ಒಂದೂವರೆ ಅಡಿ ಚಾಚಿದ ಸಜ್ಜಾ ನಾಲ್ಕು ಗಂಟೆಗೆ ತನ್ನ ಕೆಳಗೆ ಒಂದಡಿಗಿಂತ ಸ್ವಲ್ಪ ಹೆಚ್ಚು, ಐದಕ್ಕೆ ಏಳು ಅಂಗುಲ ಮಾತ್ರ ನೆರಳು ಕೊಡುತ್ತದೆ. ಉಳಿದ ಕಿಟಕಿಯೆಲ್ಲ ಬಿಸಿಲಿಗೇ.

ಈಗ ಎರಡೂವರೆ ಅಡಿ ಮುಂದಕ್ಕೆ ಚಾಚಿ, ಎರಡೂವರೆ ಅಡಿ ಕೆಳಕ್ಕೆ ಇಳಿಯುವ ಬಟ್ಟೆಯನ್ನು ಎಣಿಸಿಕೊಳ್ಳಿ. ನಾಲ್ಕು ಗಂಟೆಗೆ ಅದರ ನೆರಳು ನಾಲ್ಕೂಕಾಲು ಅಡಿ ಇಳಿಯುತ್ತದೆ; ನಾಲ್ಕು ಅಡಿ ಎತ್ತರದ ಕಿಟಕಿ ಪೂರ್ತಿ ಮುಚ್ಚಿತು. ಐದು ಗಂಟೆಗೂ ಮೂರೂವರೆ ಅಡಿಯ ನೆರಳು ಸಿಗುತ್ತದೆ. ಈ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ; ಬಟ್ಟೆಯ ಕೆಳಗಿನಿಂದ ಬೆಳಕೂ ಗಾಳಿಯೂ ಎಂದಿನಂತೆ ಬರುತ್ತವೆ. ಅಗಲದಲ್ಲಿ ಕಿಟಕಿಗಿಂತ ಎರಡೂ ಕಡೆ ಒಂದೊಂದು ಅಡಿ ಹೆಚ್ಚಿರಲಿ. ಏಕೆಂದರೆ ಮೇ, ಜೂನ್ ತಿಂಗಳಲ್ಲಿ ಸೂರ್ಯ ನೇರ ಪಡುವಣದಲ್ಲಿ ಮುಳುಗದೆ ಬಡಗಣಕ್ಕೆ ಸರಿದಿರುತ್ತಾನೆ, ಬಿಸಿಲು ಪಕ್ಕದಿಂದ ನುಸುಳುತ್ತದೆ.

ಚೌಕಟ್ಟು

ನಾಲ್ಕು ಅಡಿ ಅಗಲದ ಕಿಟಕಿಗೆ ಬೇಕಾದದ್ದು ಇಷ್ಟು: ಆರು ಅಡಿ ಉದ್ದದ ಎರಡು ಗಟ್ಟಿ ಮರದ ಪಟ್ಟಿಗಳು, ಮುಕ್ಕಾಲು ಅಂಗುಲದ ಕಬ್ಬಿಣದ ಪೈಪಿನಲ್ಲಿ ಆರು ಅಡಿಯದೊಂದು ತುಂಡು, ಎರಡೂವರೆ ಅಡಿಯ ಎರಡು ತುಂಡು. ಉದ್ದನೆಯ ಪೈಪು ಬಟ್ಟೆಯ ಮುಂದಿನ ಅಂಚಿಗೆ, ಗಿಡ್ಡ ತುಂಡುಗಳು ಅದನ್ನು ಹಿಡಿದು ನಿಲ್ಲಿಸುವ ತೋಳುಗಳು. ತೋಳಿನ ಒಂದು ತುದಿ ಉದ್ದನೆಯ ಪೈಪಿಗೂ ಇನ್ನೊಂದು ತುದಿ ಗೋಡೆಯ ಕೀಲಿಗೂ ಬೋಲ್ಟಿನಿಂದ ಸೇರಬೇಕು. ಈ ಕೆಲಸವನ್ನು ವೆಲ್ಡಿಂಗ್ ಅಂಗಡಿಯವರಿಂದ ಮಾಡಿಸುವುದೇ ಲೇಸು.

ಮರದ ಪಟ್ಟಿ ಕಿಟಕಿಯ ಮೇಲೆ, ಸಜ್ಜಾದ ಅಡಿಗೆ ಬರಲಿ. ಅದರಿಂದ ಸರಿಯಾಗಿ ಎರಡೂವರೆ ಅಡಿ ಕೆಳಗೆ, ಎರಡೂ ಪಕ್ಕದಲ್ಲಿ ಕೀಲುಗಳನ್ನು ಕೂರಿಸಿ. ತೋಳಿನ ಉದ್ದವೂ ಈ ಅಂತರವೂ ಒಂದೇ ಆಗಿರಬೇಕೆಂಬುದನ್ನು ಮರೆಯಬಾರದು. ಹಾಗಿದ್ದರೆ ಮಾತ್ರ ತೋಳುಗಳನ್ನು ಮೇಲಕ್ಕೆತ್ತಿದಾಗ ಮುಂದಿನ ಪೈಪು ಮರದ ಪಟ್ಟಿಯ ಬಳಿಗೇ ಹೋಗಿ ಗೋಡೆಗೆ ಒರಗಿಕೊಳ್ಳುತ್ತದೆ.

ಗೋಡೆಗೆ ಮೊಳೆ ಹೊಡೆದರೆ ಸಾಲದು. ಗಾರೆಯನ್ನು ದಾಟಿ, ಇಟ್ಟಿಗೆಯ ನಡುಭಾಗದಲ್ಲಿ ರಂಧ್ರ ಕೊರೆದು, ಪ್ಲಗ್ ಇಟ್ಟು ತಿರುಪುಮೊಳೆ ಹಾಕಬೇಕು. ಇಟ್ಟಿಗೆಗಳ ನಡುವಿನ ಸಂದಿಯಲ್ಲಿ ಕೊರೆದರೆ ಹಿಡಿತ ಸಿಕ್ಕದು. ಹಳೆಯ ಮಣ್ಣಿನ ಗೋಡೆಯಾದರೆ ಅದನ್ನು ನಂಬದೆ, ಮರೆಯನ್ನು ಕಿಟಕಿಯಷ್ಟೇ ಅಗಲ ಮಾಡಿ, ಕಿಟಕಿಯ ಮರದ ಚೌಕಟ್ಟಿಗೇ ಜೋಡಿಸಿ. ಬಾಡಿಗೆಯ ಮನೆಯಾದರೆ ಮಾಲೀಕರನ್ನು ಒಂದು ಮಾತು ಕೇಳಿಯೇ ಕೊರೆಯಿರಿ.

ಇನ್ನೆರಡು ಸಂಗತಿಗಳನ್ನು ಮೊದಲೇ ನೋಡಿಕೊಳ್ಳಬೇಕು. ಕಿಟಕಿಯ ಬಾಗಿಲುಗಳು ಹೊರಕ್ಕೆ ತೆರೆಯುವಂತಿದ್ದರೆ ಅವು ಬಟ್ಟೆಗೆ ತಾಗುತ್ತವೆ. ಅಂಥಲ್ಲಿ ಈ ಕ್ರಮ ಹೊಂದದು. ಕಿಟಕಿಯ ಕೆಳಗೆ ಜನ ಓಡಾಡುವ ದಾರಿಯಿದ್ದರೆ ಮುಂದಿನ ಪೈಪು ತಲೆಗೆ ಬಡಿಯುವ ಎತ್ತರಕ್ಕೇ ಬರುತ್ತದೆ. ಗಿಡಗಳಿರುವ ಕಡೆಗೆ ಅಥವಾ ಮಹಡಿಯ ಕಿಟಕಿಗೆ ಇದು ತಕ್ಕದ್ದು.

ಬಟ್ಟೆ ಮತ್ತು ಹೊಲಿಗೆ

ಹತ್ತಿಯ ದಪ್ಪ ಕ್ಯಾನ್ವಾಸ್ ಉತ್ತಮ. ಬಿಳಿ ಅಥವಾ ತಿಳಿ ಬಣ್ಣದ್ದಾದರೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಕಡುಬಣ್ಣದ್ದು ತಾನೇ ಕಾಯುತ್ತದೆ. ಹತ್ತಿಯ ಬಟ್ಟೆ ಮೊದಲ ನೀರಿಗೆ ಕುಗ್ಗುವುದರಿಂದ, ಕತ್ತರಿಸುವ ಮೊದಲೇ ಒಮ್ಮೆ ನೆನೆಸಿ ಒಣಗಿಸಿಕೊಳ್ಳಿ. ಈ ಒಂದು ಕೆಲಸವನ್ನು ಬಿಟ್ಟರೆ ಉಳಿದ ಅಳತೆಯೆಲ್ಲ ವ್ಯರ್ಥ.

ಇಳಿಜಾರಿನ ಉದ್ದ ಮೂರು ಅಡಿ ಆರೂವರೆ ಅಂಗುಲ ಬರುತ್ತದೆ. ಅದಕ್ಕೆ ಮೇಲೆ ಮೂರು ಅಂಗುಲ, ಕೆಳಗೆ ಪೈಪು ತೂರಿಸಲು ನಾಲ್ಕು ಅಂಗುಲ ಸೇರಿಸಿ. ಅಗಲ ಆರು ಅಡಿ; ಎರಡೂ ಪಕ್ಕದ ಮಡಿಕೆಗೆ ಎರಡೆರಡು ಅಂಗುಲ ಹೆಚ್ಚು. ಬಟ್ಟೆಯ ಅಗಲ ಸಾಲದೆ ಜೋಡಿಸಬೇಕಾದರೆ ಜೋಡಣೆಯ ಗೆರೆ ಮೇಲಿನಿಂದ ಕೆಳಕ್ಕೆ ಹೋಗಲಿ. ಅಡ್ಡ ಹೊಲಿದರೆ ಅಲ್ಲಿ ನೀರು ತಡೆದು ನಿಲ್ಲುತ್ತದೆ. ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ, ಷರ್ಟಿನ ಪಕ್ಕದಲ್ಲಿರುವಂತೆ ಎರಡು ಸಾಲು ಹೊಲಿಗೆ ಹಾಕಿ. ಯಂತ್ರಕ್ಕೆ ೧೮ನೆಯ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಉದ್ದನೆಯ ಹೊಲಿಗೆ ಬೇಕು. ದಪ್ಪ ಹೆಚ್ಚಿದ ಕಡೆ ಕಾಲಿನಿಂದ ತುಳಿಯದೆ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸೂಜಿ ಮುರಿಯದು.

ಕೆಳಗಿನ ಅಂಚನ್ನು ಪಾಯಜಾಮಕ್ಕೆ ಲಾಡಿ ಪೋಣಿಸುವ ಮಡಿಕೆಯಂತೆ ಹೊಲಿದು ಉದ್ದನೆಯ ಪೈಪನ್ನು ತೂರಿಸಿ. ಮೇಲಿನ ಅಂಚನ್ನು ಎರಡು ಮರದ ಪಟ್ಟಿಗಳ ನಡುವೆ ಸಿಕ್ಕಿಸಿ ತಿರುಪುಮೊಳೆಗಳಿಂದ ಬಿಗಿಯಿರಿ. ಹೀಗೆ ಮಾಡಿದರೆ ಎಳೆತ ಒಂದೆರಡು ತೂತುಗಳ ಮೇಲೆ ಬೀಳದೆ ಬಟ್ಟೆಯ ಉದ್ದಕ್ಕೂ ಹಂಚಿಹೋಗುತ್ತದೆ.

ಹಗ್ಗಗಳು

ಹಗ್ಗಗಳು ಎರಡು ಬಗೆ. ಏರಿಸುವ ಹಗ್ಗ ಮುಂದಿನ ಪೈಪಿನ ಎರಡೂ ತುದಿಯಿಂದ ಹೊರಟು, ಮರದ ಪಟ್ಟಿಯಲ್ಲಿರುವ ಸಣ್ಣ ರಾಟೆಗಳನ್ನು ಹಾದು, ಒಂದೇ ಪಕ್ಕದಲ್ಲಿ ಕೆಳಗಿಳಿಯಬೇಕು. ಹಿಡಿದು ನಿಲ್ಲಿಸುವ ಹಗ್ಗ ಅದೇ ಪೈಪಿನ ತುದಿಗಳಿಂದ ಹೊರಟು, ಕೀಲುಗಳ ಕೆಳಗೆ ಗೋಡೆಯಲ್ಲಿರುವ ಬಳೆಗಳ ಮೂಲಕ ಬರಬೇಕು. ಗಾಳಿ ಕೆಳಗಿನಿಂದ ಬಟ್ಟೆಯನ್ನು ಎತ್ತದಂತೆ ಕಾಯುವುದು ಇದೇ. ಎರಡರ ಕೊನೆಯನ್ನೂ ಕಿಟಕಿಯ ಸರಳಿಗೆ, ಒಳಗಿನಿಂದ ಕೈಗೆ ಎಟುಕುವಂತೆ ಕಟ್ಟಿ. ಒಂದೆಳೆತಕ್ಕೆ ಬಿಚ್ಚುವ ಗಂಟಾಗಿರಲಿ; ಮನೆಯಲ್ಲಿರುವ ಎಲ್ಲರಿಗೂ ಅದನ್ನು ತೋರಿಸಿಕೊಡಿ. ಗಾಳಿ ಬರುವ ಹೊತ್ತಿಗೆ ಮಾಡಿದವರೇ ಮನೆಯಲ್ಲಿರುತ್ತಾರೆಂಬ ಭರವಸೆಯಿಲ್ಲವಷ್ಟೆ. ಹತ್ತಿಯ ಹಗ್ಗ ನೆನೆದರೆ ಬಿಗಿದುಕೊಳ್ಳುತ್ತದೆ, ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ. ಯಾವುದೇ ಆಗಲಿ, ಮಳೆ ಬಂದುಹೋದ ಮೇಲೆ ಒಮ್ಮೆ ಸರಿಪಡಿಸಬೇಕು.

ಅಭ್ಯಾಸ ಹೀಗಿರಲಿ: ಮಧ್ಯಾಹ್ನದ ಊಟವಾದ ಮೇಲೆ ಮರೆಯನ್ನು ಇಳಿಸಿ, ಬಿಸಿಲು ಹೋದ ಮೇಲೆ ಏರಿಸಿ. ಮೋಡ ಕಪ್ಪಾಗಿ ಧೂಳು ಎದ್ದರೆ ಒಡನೆ ಏರಿಸಿಬಿಡಿ. ಮನೆ ಬಿಟ್ಟು ಹೊರಡುವಾಗ ಇಳಿಸಿದ್ದನ್ನು ಹಾಗೆಯೇ ಬಿಟ್ಟು ಹೋಗಬೇಡಿ. ಜೂನ್ ತಿಂಗಳಲ್ಲಿ ಮುಂಗಾರು ಹಿಡಿಯುವ ಮೊದಲು ತಿರುಪುಗಳನ್ನು ಬಿಚ್ಚಿ ಬಟ್ಟೆಯನ್ನು ತೆಗೆದು, ಧೂಳು ಕೊಡವಿ, ಪೂರ್ತಿ ಒಣಗಿದ ಮೇಲೆ ಮಡಚಿಡಿ. ತೇವವಿರುವಾಗ ಮಡಚಿದರೆ ಬೂಷ್ಟು ಹಿಡಿದು ಬಟ್ಟೆ ಲಡ್ಡಾಗುತ್ತದೆ.

ಇಷ್ಟೆಲ್ಲ ಬೇಡವೆನ್ನುವವರು ತೋಟಗಳಲ್ಲಿ ಬಳಸುವ ನೆರಳು ಬಲೆಯನ್ನು ಇದೇ ಚೌಕಟ್ಟಿಗೆ ಹಾಕಬಹುದು. ನೆರಳು ಸ್ವಲ್ಪ ಕಡಿಮೆ. ಆದರೆ ಗಾಳಿಯೂ ನೀರೂ ಅದರ ಕಣ್ಣುಗಳಲ್ಲಿ ಒಂದಷ್ಟು ತೂರಿಹೋಗುವುದರಿಂದ ಗೋಡೆಗೆ ಬೀಳುವ ಎಳೆತವೂ ಕಡಿಮೆ.

ನಮ್ಮ ಮನೆಯ ಎರಡನೆಯ ಬಿಸಿಲುಮರೆ ಈ ಕ್ರಮದಲ್ಲಿಯೇ ಆದದ್ದು. ಅತ್ತೆಯವರು ಈಗ ಹುಣಸೆಹಣ್ಣಿನ ಮೊರವನ್ನು ಕಿಟಕಿಯ ಒಳಮಗ್ಗುಲಿಗೇ ತಂದುಕೊಂಡು ಕೂರುತ್ತಾರೆ. ಪಡುವಣದಲ್ಲಿ ಮೋಡ ಕಂಡರೆ ಯಾರನ್ನೂ ಕರೆಯದೆ ತಾವೇ ಎದ್ದು ಹಗ್ಗ ಎಳೆಯುತ್ತಾರೆ.