ಮಳಿಗೆಗಳ ಸುಳ್ಳು ಭದ್ರತಾ ಎಚ್ಚರಿಕೆ ಮತ್ತು ಗ್ರಾಹಕರ ಹಕ್ಕುಗಳು

ಮಳಿಗೆಗಳ ಸುಳ್ಳು ಭದ್ರತಾ ಎಚ್ಚರಿಕೆ ಎಂದರೆ, ಹಣ ಪಾವತಿಸಿದ ಅಥವಾ ಏನನ್ನೂ ಕೊಳ್ಳದ ಗ್ರಾಹಕರು ಬಾಗಿಲು ದಾಟುವಾಗ ಅಲ್ಲಿನ ಎಲೆಕ್ಟ್ರಾನಿಕ್ ಕಳವು ತಡೆ ಸಾಧನವು ಸದ್ದು ಮಾಡುವುದು. ಬಟ್ಟೆ ಅಂಗಡಿ, ಸೂಪರ್ ಮಾರ್ಕೆಟ್, ಪುಸ್ತಕ ಮಳಿಗೆ ಹಾಗೂ ಮಾಲ್‌ಗಳಲ್ಲಿ ಇಂತಹ ಸಾಧನಗಳು ಬಳಕೆಯಲ್ಲಿವೆ. ಈ ಸನ್ನಿವೇಶಕ್ಕೆಂದೇ ರಚಿತವಾದ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಗಳ ಸಾಮಾನ್ಯ ನಿಯಮಗಳೇ ಇದಕ್ಕೆ ಅನ್ವಯವಾಗುತ್ತವೆ. ಇವುಗಳ ಪ್ರಕಾರ ಎಚ್ಚರಿಕೆಯ ಸದ್ದು ವಿಚಾರಿಸಲು ಒಂದು ಕಾರಣವಾಗಬಹುದೇ ಹೊರತು, ಅದೊಂದೇ ಕಳವಿಗೆ ಸಾಕ್ಷ್ಯವಾಗುವುದಿಲ್ಲ.

ಸಾಧನದ ಕಾರ್ಯವಿಧಾನ

ಈ ವ್ಯವಸ್ಥೆಯು 1960ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಇದರಲ್ಲಿ ಸರಕಿಗೆ ಅಂಟಿಸಿದ ಅಥವಾ ಸಿಕ್ಕಿಸಿದ ಟ್ಯಾಗ್, ಬಾಗಿಲಿನ ಎರಡೂ ಬದಿಯ ಕಂಬಗಳು ಹಾಗೂ ಬಿಲ್ ಕೌಂಟರಿನಲ್ಲಿ ಟ್ಯಾಗನ್ನು ನಿಷ್ಕ್ರಿಯಗೊಳಿಸುವ ಉಪಕರಣ ಎಂಬ ಮೂರು ಭಾಗಗಳಿರುತ್ತವೆ. ಒಂದು ಕಂಬ ಹೊರಸೂಸುವ ಅಲೆಗೆ ಟ್ಯಾಗ್ ಪ್ರತಿಸ್ಪಂದಿಸಿದಾಗ ಆ ಸಂಕೇತವನ್ನು ಗ್ರಹಿಸಿ ಸಾಧನವು ಸದ್ದು ಮಾಡುತ್ತದೆ. ಹೆಚ್ಚು ಪ್ರಚಲಿತವಾಗಿರುವ ಎರಡು ಬಗೆಗಳಲ್ಲಿ ಒಂದು 58 ಕಿಲೋಹರ್ಟ್ಸ್ ಆವರ್ತನದ ಧ್ವನಿಕಾಂತೀಯ ವ್ಯವಸ್ಥೆ, ಇನ್ನೊಂದು 8.2 ಮೆಗಾಹರ್ಟ್ಸ್ ಆವರ್ತನದ ರೇಡಿಯೊ ವ್ಯವಸ್ಥೆ. ಗ್ರಂಥಾಲಯಗಳ ಪುಸ್ತಕಗಳಲ್ಲಿ ತೆಳುವಾದ ವಿದ್ಯುತ್ಕಾಂತೀಯ ಪಟ್ಟಿಗಳನ್ನು ಬಳಸುವುದುಂಟು.

ಬಿಲ್ ಮಾಡುವಾಗ ಧ್ವನಿಕಾಂತೀಯ ಪಟ್ಟಿಯ ಕಾಂತತ್ವವನ್ನು ತೆಗೆಯಲಾಗುತ್ತದೆ. ರೇಡಿಯೊ ಪಟ್ಟಿಯ ಮಂಡಲವನ್ನು ಪ್ರಬಲ ಅಲೆಯಿಂದ ಕೆಡಿಸಲಾಗುತ್ತದೆ. ಬಟ್ಟೆಗೆ ಸಿಕ್ಕಿಸಿದ ಗಟ್ಟಿ ಪ್ಲಾಸ್ಟಿಕ್ ಟ್ಯಾಗನ್ನು ಆಯಸ್ಕಾಂತದ ನೆರವಿನಿಂದ ಬಿಡಿಸಲಾಗುತ್ತದೆ.

ಸುಳ್ಳು ಎಚ್ಚರಿಕೆಯ ಕಾರಣಗಳು

ಬಾಗಿಲಿನ ಸಾಧನಕ್ಕೆ ಬಿಲ್ಲಿನ ವಿವರ ತಿಳಿಯುವುದಿಲ್ಲ. ಸಕ್ರಿಯವಾಗಿರುವ ಟ್ಯಾಗ್ ಸಮೀಪದಲ್ಲಿದೆ ಎಂಬುದನ್ನಷ್ಟೇ ಅದು ಸೂಚಿಸಬಲ್ಲದು. ಆದ್ದರಿಂದ ಕೌಂಟರಿನ ಸಿಬ್ಬಂದಿ ಟ್ಯಾಗ್ ನಿಷ್ಕ್ರಿಯಗೊಳಿಸಲು ಮರೆತರೆ ಅಥವಾ ಆ ಕ್ರಿಯೆ ಪೂರ್ಣವಾಗದಿದ್ದರೆ, ಹಣ ಕೊಟ್ಟವರು ಹೊರಡುವಾಗಲೂ ಸದ್ದು ಬರುತ್ತದೆ. ಬೇರೆ ಮಳಿಗೆಯಲ್ಲಿ ಕೊಂಡ ಬಟ್ಟೆ, ಚೀಲ ಅಥವಾ ಪಾದರಕ್ಷೆಯೊಳಗೆ ಟ್ಯಾಗ್ ಉಳಿದಿದ್ದರೂ ಹೀಗಾಗಬಹುದು. ಎರಡೂ ಮಳಿಗೆಗಳು ಒಂದೇ ಆವರ್ತನವನ್ನು ಬಳಸುತ್ತಿರುವುದು ಇದಕ್ಕೆ ಕಾರಣ. ಬಾಗಿಲಿಗೆ ತೀರಾ ಹತ್ತಿರ ಜೋಡಿಸಿದ ಸರಕು, ಸುತ್ತಿಟ್ಟ ವಿದ್ಯುತ್ ತಂತಿ ಹಾಗೂ ಸಮೀಪದ ಯಂತ್ರಗಳ ವಿದ್ಯುತ್ಕಾಂತೀಯ ಅಡಚಣೆಯೂ ಸುಳ್ಳು ಎಚ್ಚರಿಕೆಗೆ ಕಾರಣವಾಗುತ್ತವೆ.

ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಕಂಬಗಳ ನಡುವೆ ನಿಲ್ಲದೆ ಸಹಜ ನಡಿಗೆಯಲ್ಲಿ ದಾಟಬೇಕೆಂಬುದು ವೈದ್ಯಕೀಯ ಸಲಹೆ. ಸದ್ದು ಬಂದಾಗ ಅಂಥವರನ್ನು ಪದೇ ಪದೇ ಕಂಬಗಳ ನಡುವೆ ನಡೆಸಿ ಪರೀಕ್ಷಿಸುವುದು ಸೂಕ್ತವಲ್ಲ.

ಕಾನೂನಿನ ನೆಲೆ

ಕಳವಿನ ವ್ಯಾಖ್ಯೆ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 303ರ ಪ್ರಕಾರ, ಚರ ಸ್ವತ್ತನ್ನು ಸ್ವಾಧೀನದಲ್ಲಿಟ್ಟುಕೊಂಡವರ ಸಮ್ಮತಿಯಿಲ್ಲದೆ ಅಪ್ರಾಮಾಣಿಕ ಉದ್ದೇಶದಿಂದ ಸ್ಥಳಾಂತರಿಸುವುದು ಕಳವು. ಅಪ್ರಾಮಾಣಿಕ ಉದ್ದೇಶವೇ ಈ ಅಪರಾಧದ ತಿರುಳು. ಹಣ ಕೊಟ್ಟ ವಸ್ತುವಿನಲ್ಲಿ ಟ್ಯಾಗ್ ಉಳಿದಿದ್ದರೆ ಅದು ಮಳಿಗೆಯ ಲೋಪವೇ ಹೊರತು ಗ್ರಾಹಕರ ಅಪರಾಧವಲ್ಲ.

ತಡೆದು ನಿಲ್ಲಿಸುವುದು

ಸದ್ದು ಬಂದಾಗ ಗ್ರಾಹಕರನ್ನು ಸೌಜನ್ಯದಿಂದ ಕರೆದು ಬಿಲ್ ತೋರಿಸುವಂತೆ ಕೋರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಗ್ರಾಹಕರು ಒಪ್ಪಿ ನಿಂತರೆ ಅದು ತಡೆಯಾಗುವುದಿಲ್ಲ. ಆದರೆ ಹೋಗಲು ಹಕ್ಕಿರುವ ದಿಕ್ಕಿನಲ್ಲಿ ಹೋಗದಂತೆ ಅಡ್ಡಗಟ್ಟುವುದು ಕಲಂ 126ರ ಅಡಿಯಲ್ಲಿ ಅಕ್ರಮ ತಡೆಯಾಗುತ್ತದೆ. ಇದಕ್ಕೆ ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೋಣೆಯಲ್ಲಿ ಕೂರಿಸಿ ಹೊರಗೆ ಬಿಡದಿರುವುದು ಕಲಂ 127ರ ಅಡಿಯಲ್ಲಿ ಅಕ್ರಮ ಬಂಧನವಾಗಿದ್ದು, ಇದರ ಸಜೆ ಒಂದು ವರ್ಷದವರೆಗೂ ಇರಬಹುದು. ಇವೆರಡೂ ಸಂಜ್ಞೇಯ ಅಪರಾಧಗಳು. ಅಂದರೆ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಪೊಲೀಸರು ಎಫ್‌ಐಆರ್ ದಾಖಲಿಸಿ ತನಿಖೆ ನಡೆಸಬಹುದು.

ಕಾನೂನು ತನಗೆ ಅನುಮತಿ ನೀಡಿದೆಯೆಂದು ಸದ್ಭಾವನೆಯಿಂದ, ವಸ್ತುಸ್ಥಿತಿಯನ್ನು ತಪ್ಪಾಗಿ ತಿಳಿದು ವರ್ತಿಸಿದೆ ಎಂಬ ಸಮರ್ಥನೆಯನ್ನು ಮಳಿಗೆಯ ಸಿಬ್ಬಂದಿ ಮುಂದಿಡಬಹುದು. ಆದರೆ ಸಾಕಷ್ಟು ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ ಕಾರ್ಯವನ್ನು ಕಾನೂನು ಸದ್ಭಾವನೆಯ ಕಾರ್ಯವೆಂದು ಪರಿಗಣಿಸುವುದಿಲ್ಲ. ಬಿಲ್ ತೋರಿಸಿದ ನಂತರವೂ ಗ್ರಾಹಕರನ್ನು ಹಿಡಿದಿಟ್ಟರೆ ಈ ಸಮರ್ಥನೆ ದುರ್ಬಲವಾಗುತ್ತದೆ.

ಖಾಸಗಿ ವ್ಯಕ್ತಿ ಮಾಡುವ ಬಂಧನ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40ರಂತೆ, ತನ್ನ ಸಮಕ್ಷಮದಲ್ಲಿ ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧ ಎಸಗಿದವರನ್ನು ಯಾವುದೇ ಖಾಸಗಿ ವ್ಯಕ್ತಿ ಬಂಧಿಸಬಹುದು. ಬಂಧಿತರನ್ನು ಅನಗತ್ಯ ವಿಳಂಬವಿಲ್ಲದೆ, ಗರಿಷ್ಠ ಆರು ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಾವಲುಗಾರರಿಗೆ ಇರುವುದು ಸಾಮಾನ್ಯ ನಾಗರಿಕರ ಈ ಅಧಿಕಾರವೇ. ಸಮವಸ್ತ್ರದಿಂದ ಹೆಚ್ಚಿನ ಅಧಿಕಾರ ಬರುವುದಿಲ್ಲ. ಸದ್ದನ್ನು ಕೇಳಿದ ಮಾತ್ರಕ್ಕೆ ಅಪರಾಧ ತನ್ನ ಸಮಕ್ಷಮದಲ್ಲಿ ನಡೆಯಿತೆಂದು ಹೇಳಲಾಗದು.

ವಸ್ತುವಿನ ಬೆಲೆಗೂ ಇಲ್ಲಿ ಮಹತ್ವವಿದೆ. ಕಲಂ 303ರಲ್ಲಿ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಮೊದಲ ಬಾರಿಯ ಕಳವಿಗೆ, ಸ್ವತ್ತು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದಾಗ, ಸಮುದಾಯ ಸೇವೆಯ ಶಿಕ್ಷೆಯಿದೆ. ಸುರಕ್ಷಾ ಸಂಹಿತೆಯ ಮೊದಲನೆಯ ಅನುಸೂಚಿಯಲ್ಲಿ ಈ ಬಗೆಯ ಕಳವನ್ನು ಅಸಂಜ್ಞೇಯ ಹಾಗೂ ಜಾಮೀನು ನೀಡಬಹುದಾದ ಅಪರಾಧವೆಂದು ವರ್ಗೀಕರಿಸಲಾಗಿದೆ. ಹೀಗಾಗಿ ಒಂದು ಸಾಮಾನ್ಯ ಅಂಗಿ ಅಥವಾ ಸೋಪಿನ ವಿಷಯದಲ್ಲಿ ಖಾಸಗಿ ಬಂಧನದ ಅಧಿಕಾರವೇ ಪ್ರಶ್ನಾರ್ಹವಾಗುತ್ತದೆ. ಆ ಶಂಕೆಯ ಮೇಲೆ ಗ್ರಾಹಕರನ್ನು ಕೂಡಿಹಾಕುವುದು ಮಾತ್ರ ಸಂಜ್ಞೇಯ ಅಪರಾಧವಾಗಿಯೇ ಉಳಿಯುತ್ತದೆ. ಆದರೆ ಸ್ವತ್ತನ್ನು ಕಾಪಾಡಲು ಬಳಸುವ ಕಟ್ಟಡದಲ್ಲಿ ನಡೆದ ಕಳವೆಂದು ಕಲಂ 305 ಅನ್ವಯಿಸಿದರೆ ಮೌಲ್ಯದ ಈ ವಿನಾಯಿತಿ ಇರುವುದಿಲ್ಲ.

ಮೈ ಮತ್ತು ಚೀಲದ ಶೋಧನೆ

ಖಾಸಗಿ ವ್ಯಕ್ತಿ ಬಂಧಿಸಿದವರನ್ನು ಶೋಧಿಸುವ ಅಧಿಕಾರವನ್ನು ಸುರಕ್ಷಾ ಸಂಹಿತೆಯ ಕಲಂ 49 ಅವರನ್ನು ವಶಕ್ಕೆ ಪಡೆಯುವ ಪೊಲೀಸ್ ಅಧಿಕಾರಿಗೆ ನೀಡಿದೆ. ಮಹಿಳೆಯರನ್ನು ಮಹಿಳೆಯೇ, ಸಭ್ಯತೆಗೆ ಕುಂದು ಬಾರದಂತೆ ಶೋಧಿಸಬೇಕೆಂಬ ನಿಯಮವೂ ಅದರಲ್ಲಿದೆ. ಮಳಿಗೆಯ ಸಿಬ್ಬಂದಿ ಗ್ರಾಹಕರ ಸಮ್ಮತಿಯಿಂದ ಮಾತ್ರ ಚೀಲವನ್ನು ನೋಡಬಹುದು. ‘ಇಲ್ಲಿ ತಪಾಸಣೆ ನಡೆಸಲಾಗುವುದು’ ಎಂಬ ಫಲಕವು ಬಲಪ್ರಯೋಗಕ್ಕೆ ಪರವಾನಗಿಯಲ್ಲ. ತಪಾಸಣೆಗೆ ಒಪ್ಪದಿರುವುದು ಅಪರಾಧವಲ್ಲ. ಅಂತಹ ಸಂದರ್ಭದಲ್ಲಿ ಮಳಿಗೆಯವರು ಪೊಲೀಸರನ್ನು ಕರೆಯಬಹುದು. ಮಹಿಳೆಯ ಮಾನಕ್ಕೆ ಧಕ್ಕೆ ತರುವ ಉದ್ದೇಶದಿಂದ ಅಥವಾ ಧಕ್ಕೆಯಾಗುವುದೆಂಬ ಅರಿವಿನಿಂದ ಬಲ ಪ್ರಯೋಗಿಸಿದರೆ ನ್ಯಾಯ ಸಂಹಿತೆಯ ಕಲಂ 74 ಅನ್ವಯವಾಗುತ್ತದೆ.

ಮಾನಹಾನಿ ಮತ್ತು ಹಣ ವಸೂಲಿ

ಇತರ ಗ್ರಾಹಕರ ಎದುರು ಒಬ್ಬರನ್ನು ಕಳ್ಳರೆಂದು ಕರೆಯುವುದು ಅಥವಾ ಅವರ ಚಿತ್ರವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹರಡುವುದು ಕಲಂ 356ರ ಅಡಿಯಲ್ಲಿ ಮಾನಹಾನಿಯಾಗಬಹುದು. ಸದ್ಭಾವನೆಯಿಂದ ಪೊಲೀಸರಿಗೆ ದೂರು ಕೊಡುವುದು ಇದರ ವ್ಯಾಪ್ತಿಗೆ ಬರುವುದಿಲ್ಲ. ಪೊಲೀಸರ ಅಥವಾ ಅಪಮಾನದ ಭಯ ಹುಟ್ಟಿಸಿ ವಸ್ತುವಿನ ಬೆಲೆಯ ಹಲವು ಪಟ್ಟು ‘ದಂಡ’ ಕೀಳುವುದು ಕಲಂ 308ರ ಸುಲಿಗೆಯ ವ್ಯಾಪ್ತಿಗೆ ಬರಬಹುದು. ದಂಡ ವಿಧಿಸುವ ಅಧಿಕಾರ ಮಳಿಗೆಗಿಲ್ಲ.

ಬಹಿರಂಗ ಆರೋಪದ ಪರಿಣಾಮ ತೀವ್ರವಾಗಿರಬಲ್ಲದು. 2022ರಲ್ಲಿ ಪಶ್ಚಿಮ ಬಂಗಾಳದ ಜೈಗಾಂವ್‌ನಲ್ಲಿ, ಅಂಗಡಿಯೊಂದರಲ್ಲಿ ಚಾಕೊಲೇಟ್ ಕದ್ದ ಆರೋಪದ ವಿಡಿಯೊ ಜಾಲತಾಣದಲ್ಲಿ ಹರಡಿದ ನಂತರ ಕಾಲೇಜು ವಿದ್ಯಾರ್ಥಿನಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಅಲ್ಲಿ ಚರ್ಚೆಗೆ ಬಂದುದು ಎಚ್ಚರಿಕೆ ಸಾಧನವಲ್ಲ, ವಿಡಿಯೊದ ಪ್ರಸಾರ. ಆರೋಪ ನಿಜವಿರಲಿ ಸುಳ್ಳಿರಲಿ, ಶಿಕ್ಷೆ ವಿಧಿಸುವುದು ನ್ಯಾಯಾಲಯದ ಕೆಲಸ.

ಕಾವಲು ಸಿಬ್ಬಂದಿಯ ನಿಯಂತ್ರಣ

ಖಾಸಗಿ ಭದ್ರತಾ ಸಂಸ್ಥೆಗಳ (ನಿಯಂತ್ರಣ) ಕಾಯ್ದೆ, 2005ರ ಪ್ರಕಾರ ಕಾವಲುಗಾರರನ್ನು ಒದಗಿಸುವ ಸಂಸ್ಥೆಗಳು ರಾಜ್ಯದ ನಿಯಂತ್ರಣ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು. ಕಾವಲುಗಾರರಿಗೆ ತರಬೇತಿ ಮತ್ತು ಭಾವಚಿತ್ರವಿರುವ ಗುರುತಿನ ಚೀಟಿ ಕಡ್ಡಾಯ. ಪೊಲೀಸರ ಅಥವಾ ಸೇನೆಯ ಸಮವಸ್ತ್ರವನ್ನು ಹೋಲುವ ಉಡುಪನ್ನು ಧರಿಸುವುದನ್ನು ಕಾಯ್ದೆ ನಿಷೇಧಿಸಿದೆ.

ಪರಿಹಾರದ ಮಾರ್ಗಗಳು

ತಡೆದು ನಿಲ್ಲಿಸಿದ ಕ್ಷಣದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು. ಘಟನೆ ಎಲ್ಲಿಯೇ ನಡೆದಿದ್ದರೂ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಲು ಸುರಕ್ಷಾ ಸಂಹಿತೆಯ ಕಲಂ 173 ಅವಕಾಶ ಕಲ್ಪಿಸಿದೆ. ಬಿಲ್, ಪಾವತಿಯ ಸಂದೇಶ, ಉಳಿದಿದ್ದ ಟ್ಯಾಗ್, ಸಮಯದ ವಿವರ ಮತ್ತು ಪ್ರತ್ಯಕ್ಷದರ್ಶಿಗಳ ಹೆಸರು ಮುಖ್ಯ ಸಾಕ್ಷ್ಯಗಳು. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಕಾಯ್ದೆ, 2017ರ ವ್ಯಾಪ್ತಿಗೆ ಬರುವ ಸಂಸ್ಥೆಗಳು ಸಿಸಿಟಿವಿ ದೃಶ್ಯಗಳನ್ನು 30 ದಿನ ಉಳಿಸಿಡಬೇಕು. ಆದ್ದರಿಂದ ದೃಶ್ಯವನ್ನು ಅಳಿಸದಂತೆ ಮಳಿಗೆಗೆ ಕೂಡಲೇ ಲಿಖಿತವಾಗಿ ಕೋರುವುದು ಉಪಯುಕ್ತ.

ಹಣ ಕೊಟ್ಟು ಕೊಂಡವರು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಗೆ ಪರಿಹಾರ ಕೋರಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರುದಾರರು ವಾಸಿಸುವ ಸ್ಥಳದಲ್ಲಿಯೂ ದೂರು ಸಲ್ಲಿಸಲು ಈ ಕಾಯ್ದೆ ಅನುಮತಿಸುತ್ತದೆ. ಉದಾಹರಣೆಗೆ, ಕುವೆಂಪು ವಿಶ್ವವಿದ್ಯಾನಿಲಯದ ಜ್ಞಾನಸಹ್ಯಾದ್ರಿ ಆವರಣವಿರುವ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದ ನಿವಾಸಿಗೆ ಬೆಂಗಳೂರಿನ ಮಾಲ್ ಒಂದರಲ್ಲಿ ಇಂತಹ ತೊಂದರೆಯಾದರೆ, ದೂರಿಗಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಶಿವಮೊಗ್ಗದ ಜಿಲ್ಲಾ ಆಯೋಗದ ಮೊರೆ ಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಏನನ್ನೂ ಕೊಳ್ಳದೆ ಹೊರಟವರು ಈ ಕಾಯ್ದೆಯ ಅರ್ಥದಲ್ಲಿ ‘ಗ್ರಾಹಕ’ ಎನಿಸದಿರಬಹುದು. ಅಂಥವರು ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆ ಹೂಡಬಹುದು. ಅಕ್ರಮ ಬಂಧನ ಮತ್ತು ಮಾನಹಾನಿಯ ದಾವೆಗಳಿಗೆ ಕಾಲಮಿತಿ ಕಾಯ್ದೆ, 1963 ಒಂದು ವರ್ಷದ ಗಡುವನ್ನು ನಿಗದಿಪಡಿಸಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು ಮತ್ತು ಇತರ ಅರ್ಹರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಬಹುದು.

ಇತರ ದೇಶಗಳಲ್ಲಿ

ಅಮೆರಿಕದ ರಾಜ್ಯಗಳು ‘ಅಂಗಡಿಕಾರರ ವಿಶೇಷಾಧಿಕಾರ’ವನ್ನು ಒಪ್ಪುತ್ತವೆ. ಅದರಂತೆ ಸಮಂಜಸ ಕಾರಣವಿದ್ದರೆ ಶಂಕಿತರನ್ನು ಸಮಂಜಸ ರೀತಿಯಲ್ಲಿ, ಅಲ್ಪಕಾಲ ನಿಲ್ಲಿಸಿಕೊಳ್ಳಬಹುದು. ಸಾಧನ ಅಳವಡಿಸಿರುವ ಬಗ್ಗೆ ಸೂಚನಾ ಫಲಕವಿದ್ದರೆ ಎಚ್ಚರಿಕೆಯ ಸದ್ದನ್ನೇ ಸಮಂಜಸ ಕಾರಣವೆಂದು ಫ್ಲಾರಿಡಾ ಮತ್ತು ಜಾರ್ಜಿಯಾದ ಶಾಸನಗಳು ಪರಿಗಣಿಸುತ್ತವೆ. ಇದಕ್ಕೆ ಸಮನಾದ ಶಾಸನ ಭಾರತದಲ್ಲಿಲ್ಲ. ಇಂಗ್ಲೆಂಡಿನಲ್ಲಿ 1992ರ ‘ಆರ್ ವಿರುದ್ಧ ಸೆಲ್ಫ್’ ಪ್ರಕರಣದ ಆರೋಪಿಯು ಚಾಕೊಲೇಟ್ ಕಳವಿನ ಆರೋಪದಿಂದ ಖುಲಾಸೆಯಾಗಿದ್ದರು. ಕಳವೇ ನಡೆದಿಲ್ಲವೆಂದಾದಾಗ ನಾಗರಿಕರು ಮಾಡಿದ ಬಂಧನವೂ ಕಾನೂನುಬದ್ಧವಲ್ಲವೆಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತು, ಬಂಧನವನ್ನು ಪ್ರತಿರೋಧಿಸಿದ್ದಕ್ಕಾಗಿ ಅವರಿಗೆ ವಿಧಿಸಿದ್ದ ಅಪರಾಧನಿರ್ಣಯವನ್ನು ರದ್ದುಪಡಿಸಿತು.