ಪೆನ್‌ಡ್ರೈವಿನಲ್ಲಿ ಬಂದ ಫ್ಯಾನು

ಕಮಲಾಪುರದ ಒಂದು ಪಡಸಾಲೆಗೆ ಶಹಾಬಾದ್ ಫರಸಿ. ತಾಳದ ಸದ್ದು ಕಲ್ಲಿಗೆ ಬಡಿದು ಕಣಕಣ ಅನ್ನುತ್ತದೆಂದು ಜಮಖಾನೆ ಹಾಸಿ, ಕಿಟಕಿಗೆ ಕೌದಿ ಇಳಿಬಿಟ್ಟು, ಫ್ಯಾನ್ ಬಂದ್ ಮಾಡಿ ರೆಕಾರ್ಡಿಂಗಿಗೆ ಕೂತರು ಭಜನಿ ಮಂಡಳಿಯವರು. ಮೇ ತಿಂಗಳು. ಎರಡನೆಯ ಪದಕ್ಕೇ ಬನಿಯನ್ನುಗಳು ತೊಯ್ದವು. ಯಾರೋ ಎದ್ದು ಫ್ಯಾನಿನ ಗುಂಡಿ ಒತ್ತಿದರು. ಬ್ಯಾಡ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಫ್ಯಾನು ಈಗ ಕಲಬುರಗಿಗೆ ಬಂದಿದೆ, ಪೆನ್‌ಡ್ರೈವಿನೊಳಗೆ.

ಶರಣಬಸವೇಶ್ವರ ಗುಡಿ ಕಡೆಯ ಓಣಿಯೊಂದರ ಮಹಡಿ ಕೋಣೆ. ಒಂದು ಲ್ಯಾಪ್‌ಟಾಪು, ಕಿವಿಯ ಮೆತ್ತೆ ಹರಿದ ಹೆಡ್‌ಫೋನು, ಗೋಡೆಗೆ ಒರಗಿಸಿದ ಹಾಸಿಗೆ. ಮಿಕ್ಸಿಂಗ್ ಮಾಡುವ ಹುಡುಗ ಪರದೆಯ ಮೇಲೆ ಹಾಡುಗಾರರು, ಪೇಟಿ, ತಬಲಾ, ತಾಳ, ಏಕತಾರಿ ಎಂದು ಒಂದೊಂದನ್ನು ಒಂದೊಂದು ಟ್ರ್ಯಾಕಿಗೆ ಹಚ್ಚಿದ್ದಾನೆ. ಎಲ್ಲವೂ ಕಡೆಗೆ ಬಂದು ಸೇರುವುದು ಮಾಸ್ಟರ್ ಬಸ್ಸಿಗೆ. ಅಲ್ಲಿ ಮುಟ್ಟಿದ್ದು ಎಲ್ಲರಿಗೂ ತಟ್ಟುತ್ತದೆ. ಪೇಟಿಗೊಂದೇ ಮದ್ದು ಕೊಡುವ ಜಾಗ ಅದಲ್ಲ.

ಆದರೂ ಹೊಸಬರ ಕೈ ಮೊದಲು ಓಡುವುದು ಅಲ್ಲಿಗೇ. ಇವನೂ ಜೋರು ಸದ್ದನ್ನು ಅದುಮುವ ಕಂಪ್ರೆಸರ್ ಹಚ್ಚಿದ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸಾಲಿಡ್ ಸ್ಟೇಟ್ ಲಾಜಿಕ್ ಕಂಪನಿ ತನ್ನ 4000 ಸರಣಿಯ ದೈತ್ಯ ಕನ್ಸೋಲುಗಳಲ್ಲಿ ಕೂರಿಸಿದ್ದ ಉಪಕರಣದ ನಕಲು, ಈಗ ಪುಕ್ಕಟೆಯಾಗಿಯೂ ಸಿಗುತ್ತದೆ. ಮುಳ್ಳು ಆರೇಳು ಡೆಸಿಬೆಲ್ ಕುಣಿಯುವಂತೆ ಒತ್ತಿದ. ಡಗ್ಗಾದ ಪ್ರತಿ ಪೆಟ್ಟಿಗೂ ಹಾಡುಗಾರನ ದನಿ ಮುಗ್ಗರಿಸಿತು. ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಕಂಪ್ರೆಸರ್ ಹಿಡಿತ ಸಡಿಲಿಸುತ್ತಲೇ ಫ್ಯಾನು ಗೊರ್ರೆಂದು ಎದ್ದು ಬಂತು. ತತ್ವಪದಗಳ ಕಡಕೋಳ ಮಡಿವಾಳಪ್ಪನವರ ಸೀಮೆ ಇದು. ಪದದ ಮಾತೇ ಕೇಳದಿದ್ದರೆ ಭಜನಿ ಯಾತಕ್ಕೆ?

ಮತ್ತೆ ಮೊದಲಿಂದ ಹಚ್ಚಿದ: ಎರಡಕ್ಕೊಂದರ ಅನುಪಾತ, 30 ಮಿಲಿಸೆಕೆಂಡಿನ ಅಟ್ಯಾಕ್. ತಾಳದ ಮೊದಲ ಚಿಟಿಕೆ ತಪ್ಪಿಸಿಕೊಂಡು ಹೋಗಲು ಅಷ್ಟು ಹೊತ್ತು ಬೇಕು. ಕಂಪ್ರೆಸರಿನ ಕಿವಿಗೆ 100 ಹರ್ಟ್ಸ್‌ಗಿಂತ ಕೆಳಗಿನದು ಬೀಳದಂತೆ ಫಿಲ್ಟರು. ಡಗ್ಗಾದ ಹುಕುಂ ಅಲ್ಲಿಗೆ ಇಳಿಯಿತು. ಮುಳ್ಳು ಒಂದೂವರೆ ಡೆಸಿಬೆಲ್ ದಾಟದ ಹಾಗೆ. ಈಗ ಏಕತಾರಿಯೂ ಪೇಟಿಯೂ ಒಂದೇ ಜಮಖಾನೆಯ ಮೇಲೆ ಕೂತಂತೆ ಕೇಳಿಸಿದವು. ಖರೇನಾ, ಭ್ರಮೆಯಾ? ಜೋರಾಗಿ ಕೇಳಿಸಿದ್ದೆಲ್ಲ ಕಿವಿಗೆ ಚಂದ. ಆದ್ದರಿಂದ ಕಂಪ್ರೆಸರ್ ಇದ್ದದ್ದು, ಇಲ್ಲದ್ದು ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಹಿಂದುಮುಂದು ಮಾಡಿ ಕೇಳಿದ. ಇದ್ದದ್ದೇ ಗೆದ್ದಿತು, ಕೂದಲೆಳೆಯಷ್ಟು.

ಮಧ್ಯಾಹ್ನ ಕಮಲಾಪುರದಿಂದ ಮಂಡಳಿಯ ಕಾಕಾ ಬಂದರು, ಕೈಯಲ್ಲಿ ಅಲ್ಲಿಯದೇ ಕೆಂಪು ಬಾಳೆ.

‘ಪೇಟಿ ಜರಾ ಜೋರು ಕೇಳ್ಲತ್ತದಲ್ಲೊ ತಮ್ಮಾ.’

ಹುಡುಗನ ಕೈ ಮಾಸ್ಟರಿನ ಈಕ್ಯೂ ಮೇಲೆ ಹೋಗಿ ತಡೆಯಿತು. ಅಲ್ಲಿ ಕೊಯ್ದರೆ ಪೇಟಿಯ ಜೊತೆ ದನಿಯೂ ಹೋಗುತ್ತದೆ. ಪೇಟಿಯ ಟ್ರ್ಯಾಕನ್ನಷ್ಟೇ ಎರಡು ಡೆಸಿಬೆಲ್ ಇಳಿಸಿದ. ಫ್ಯಾನು ಹೊಕ್ಕ ಎರಡನೆಯ ಪದಕ್ಕೆ ಮಾತ್ರ ಯಾವ ಪ್ಲಗಿನ್ನೂ ನಾಟಲಿಲ್ಲ. ‘ಇದೊಂದು ಮತ್ತ ಹಾಡ್ರಿ ಕಾಕಾ, ಮುಂಜಾನಿ ತಂಪಿನ್ಯಾಗ ಬರ್ತೀನಿ’ ಅಂದ.

ಉಳಿದದ್ದು ಲಿಮಿಟರ್. ಎಂಪಿ3 ಆಗುವಾಗ ಸದ್ದಿನ ಶಿಖರಗಳು ತುಸು ಮೇಲೇಳುತ್ತವೆಂದು ಸೊನ್ನೆಗಿಂತ ಒಂದು ಡೆಸಿಬೆಲ್ ಕೆಳಗೆ ಗೆರೆ ಎಳೆದ. ಯೂಟ್ಯೂಬು ಜೋರಾದ ಹಾಡನ್ನು ಮೈನಸ್ 14 ಎಲ್‌ಯುಎಫ್‌ಎಸ್ ಆಸುಪಾಸಿಗೆ ತಾನೇ ಇಳಿಸಿ ಕೇಳಿಸುತ್ತದೆ. ಅಲ್ಲಿ ಕಿರುಚಿ ಲಾಭವಿಲ್ಲ. ಆದರೆ ನಮ್ಮ ಕಡೆ ಹಾಡು ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ಟರಿನಿಂದ ಟ್ರ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿ ಇಳಿಸುವವರು ಯಾರೂ ಇಲ್ಲ. ಹಿಂದಿನ ಹಾಡಿಗಿಂತ ಸಣ್ಣಗೆ ಕೇಳಿಸಿದರೆ ಡ್ರೈವರು ಮುಂದಿನದಕ್ಕೆ ಹಾರಿಬಿಡುತ್ತಾನೆ. ಹಾಡನ್ನು ಜೋರು ಮಾಡುವ ಪೈಪೋಟಿ, ಲೌಡ್‌ನೆಸ್ ಯುದ್ಧ, ಮುಗಿಯಿತು ಎಂದು ಬರೆಯುವವರು ಕಬ್ಬಿನ ಲೋಡಿನ ಹಿಂದೆ ಒಮ್ಮೆ ಬರಬೇಕು.

ಹುಡುಗ ಎರಡು ಫೈಲು ಮಾಡಿದ. ತಾಳದ ಅಂಚು ಉಳಿದದ್ದು ಒಂದು, ಒತ್ತಿ ಮೈನಸ್ 9ಕ್ಕೆ ಏರಿಸಿದ್ದು ಇನ್ನೊಂದು. ಎರಡನ್ನೂ ಕೇಳಿಸಿ, ಮೊದಲನೆಯದೇ ಚಂದ ಅದ ಎಂದು ಒಪ್ಪಿಸಿದ. ಕಾಕಾ ತಲೆಯಾಡಿಸಿದರು, ಪೆನ್‌ಡ್ರೈವ್ ಚಾಚಿದರು.

‘ಹೌದು, ಚಂದ ಅದ. ಎರಡೂ ಹಾಕು. ಟ್ರ್ಯಾಕ್ಟರಿಂದು ಮೊದಲ ಹಾಕು.’