ಹಳೆಯ ಆಟ, ಹೊಸ ಅಂಗಡಿ: ಕೊಂಡದ್ದು ನಿಜಕ್ಕೂ ನಮ್ಮದೇ?

ಪುಸ್ತಕದಂಗಡಿಯಲ್ಲಿ ಹಣ ಕೊಟ್ಟು ಒಂದು ಕಾದಂಬರಿ ತಂದರೆ ಅದು ನಮ್ಮದು. ಓದಿ ಮುಗಿಸಿ ತಂಗಿಗೆ ಕೊಡಬಹುದು, ಪಕ್ಕದ ಮನೆಯವರಿಗೆ ಎರವಲು ಕೊಡಬಹುದು, ಇಪ್ಪತ್ತು ವರ್ಷ ಬೀರುವಿನಲ್ಲಿಟ್ಟು ಮತ್ತೆ ತೆಗೆದು ಓದಬಹುದು. ಅಂಗಡಿ ಬಾಗಿಲು ಮುಚ್ಚಿದರೂ ಪುಸ್ತಕಕ್ಕೇನೂ ಆಗದು. ಅದೇ ಹಣ ಕೊಟ್ಟು ಅಂತರಜಾಲದ ಅಂಗಡಿಯಿಂದ ಒಂದು ಕಂಪ್ಯೂಟರ್ ಆಟವನ್ನು ಇಳಿಸಿಕೊಂಡರೆ? ಅದೂ ಹೀಗೆಯೇ ನಮ್ಮದಾಗುತ್ತದೆಯೆ?

ಬೆಂಗಳೂರಿನ ಲಿಂಗರಾಜಪುರದಂಥ ಬಡಾವಣೆಗಳಲ್ಲಿ ಇದೀಗ ಮನೆಮನೆಯ ಪ್ರಶ್ನೆ. ಮಗನೋ ಮಗಳೋ ‘ಒಂದು ಆಟ ಕೊಡಿಸಿ’ ಎಂದಾಗ ತಂದೆ ತಾಯಿ ತಡವರಿಸುತ್ತಾರೆ. ಓದು ಕೆಡುತ್ತದೆಯೇನೋ ಎಂಬುದು ಮೊದಲ ಭಯ. ಹಣ ಎಲ್ಲಿಗೆ, ಹೇಗೆ ಹೋಗುತ್ತದೋ ಎಂಬುದು ಎರಡನೆಯದು. ಕೊಟ್ಟ ಹಣಕ್ಕೆ ಕೈಗೆ ಬಂದದ್ದೇನು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹಳೆಯ ‘ಅಡ್ವೆಂಚರ್’ ಆಟಗಳ, ಅಂದರೆ ಸಾಹಸಕಥೆಯ ಆಟಗಳ, ಚರಿತ್ರೆಯನ್ನು ನೋಡಿದರೆ ಮೂರಕ್ಕೂ ಉತ್ತರ ಸಿಗುತ್ತದೆ.

ಗುಹೆಯಲ್ಲಿ ಹುಟ್ಟಿದ ಆಟ

ಅಮೆರಿಕದ ವಿಲ್ ಕ್ರೌದರ್ ಕಂಪ್ಯೂಟರ್ ತಜ್ಞ. ಗುಹೆಗಳನ್ನು ಹೊಕ್ಕು ನಕ್ಷೆ ಬರೆಯುವ ಹವ್ಯಾಸಿಯೂ ಹೌದು. ಕೆಂಟಕಿಯ ಮ್ಯಾಮತ್ ಗುಹಾಸಮೂಹ ಆತನಿಗೆ ಚೆನ್ನಾಗಿ ಗೊತ್ತಿತ್ತು. 1975–76ರ ಸುಮಾರಿಗೆ ತನ್ನ ಹೆಣ್ಣುಮಕ್ಕಳೂ ಆಡಬಹುದಾದ ಒಂದು ಆಟವನ್ನು ಆತ ಬರೆದ. ಅದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ. ಎದುರಿಗೆ ಏನಿದೆ ಎಂದು ಕಂಪ್ಯೂಟರು ವಾಕ್ಯಗಳಲ್ಲಿ ವರ್ಣಿಸುತ್ತದೆ. ಉತ್ತರಕ್ಕೆ ಹೋಗು, ದೀಪ ತೆಗೆದುಕೋ ಎಂಬ ಅರ್ಥದ ಎರಡೆರಡು ಇಂಗ್ಲಿಷ್ ಪದಗಳನ್ನು ಆಟಗಾರ ಟೈಪು ಮಾಡಬೇಕು. 1977ರಲ್ಲಿ ಡಾನ್ ವುಡ್ಸ್ ಎಂಬಾತ ಅದನ್ನು ಹಿಗ್ಗಿಸಿದ. ‘ಕೊಲಾಸಲ್ ಕೇವ್ ಅಡ್ವೆಂಚರ್’ ಎಂಬ ಆ ಆಟದ ಹೆಸರೇ ಮುಂದೆ ಇಡೀ ಜಾತಿಯ ಹೆಸರಾಯಿತು.

ಅದೇ 1977ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ತರುಣರು ‘ಜೋರ್ಕ್’ ಎಂಬ ಆಟವನ್ನು ಆರಂಭಿಸಿದರು. 1980ರಲ್ಲಿ ಕೆನ್ ಮತ್ತು ರಾಬರ್ಟಾ ವಿಲಿಯಮ್ಸ್ ದಂಪತಿಗಳ ‘ಮಿಸ್ಟರಿ ಹೌಸ್’ ಗೆರೆಚಿತ್ರಗಳನ್ನು ತಂದಿತು. 1984ರ ‘ಕಿಂಗ್ಸ್ ಕ್ವೆಸ್ಟ್’ನಲ್ಲಿ ನಾಯಕ ಪರದೆಯ ಮೇಲೆ ನಡೆದಾಡಿದ. 1987ರ ‘ಮೇನಿಯಾಕ್ ಮ್ಯಾನ್ಷನ್’ನಲ್ಲಿ ಪದ ಟೈಪು ಮಾಡುವ ಬದಲು ಪರದೆಯ ಮೇಲಿನ ಪದವನ್ನೇ ಆರಿಸಿದರೆ ಸಾಕಾಯಿತು. 1990ರ ‘ಮಂಕಿ ಐಲೆಂಡ್’ ನಗೆಗೆ ಹೆಸರಾಯಿತು. 1993ರ ‘ಮಿಸ್ಟ್’ ಸಿಡಿಯ ಮೇಲೆ ಬಂದು ಚಿತ್ರಗಳಿಂದ ಮನಸೆಳೆಯಿತು.

ಈ ಆಟಗಳಲ್ಲಿ ಬೆರಳಿನ ವೇಗಕ್ಕೆ ಬೆಲೆಯಿಲ್ಲ. ಬೀಗ ಒಂದು ಕಡೆ, ಕೀಲಿ ಮತ್ತೊಂದು ಕಡೆ. ಯಾರೋ ಆಡಿದ ಮಾತಿನಲ್ಲಿ ಸುಳಿವು. ಓದಬೇಕು, ನೆನಪಿಡಬೇಕು, ಊಹಿಸಬೇಕು, ಊಹೆ ತಪ್ಪಿದರೆ ಬೇರೆ ದಾರಿ ಹುಡುಕಬೇಕು. ಆಗಿನವರು ಪಕ್ಕದಲ್ಲಿ ಕಾಗದವಿಟ್ಟುಕೊಂಡು ನಕ್ಷೆ ಬರೆಯುತ್ತ ಆಡುತ್ತಿದ್ದರು. ವಿಜ್ಞಾನದ ಪ್ರಯೋಗಕ್ಕೂ ಇದಕ್ಕೂ ದೂರವೇನಿಲ್ಲ. ಎಷ್ಟು ಹೊತ್ತು ಆಡಬೇಕು ಎಂಬ ಶಿಸ್ತು ಬೇರೆ ವಿಚಾರ. ಆಟವೆಂದರೆಲ್ಲ ಒಂದೇ ಎಂಬ ಮಾತಂತೂ ಸರಿಯಲ್ಲ.

ಎರಡು ದಿನದ ಕೆಲಸ, ಎರಡು ನಿಮಿಷಕ್ಕೆ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಪೂರ್ವಭಾಗದ ಹುಡುಗನಿಗೆ ಇಂಥ ಆಟ ಬೇಕೆಂದರೆ ಶಿವಾಜಿನಗರಕ್ಕೆ ಬಂದು ಬಸ್ಸು ಬದಲಿಸಿ ಪೇಟೆಯ ಕಡೆಗೆ ಹೋಗಬೇಕಿತ್ತು. ಪೆಟ್ಟಿಗೆಯಲ್ಲಿ ಬರುತ್ತಿದ್ದ ಅಸಲಿ ಸಿಡಿಯ ಬೆಲೆ ಮಧ್ಯಮ ವರ್ಗದ ಮನೆಗೆ ಭಾರ. ಹಾಗಾಗಿ ಗೆಳೆಯರಿಂದ ಗೆಳೆಯರಿಗೆ ಫ್ಲಾಪಿಯಲ್ಲಿ ನಕಲು, ಬೀದಿಬದಿಯಲ್ಲಿ ಪ್ಲಾಸ್ಟಿಕ್ ಕವರಿನ ಕಳ್ಳ ಸಿಡಿ. ಹಣ ಆಟ ಬರೆದವರಿಗೆ ತಲುಪುತ್ತಿರಲಿಲ್ಲ. ಸಿಡಿಯ ಜೊತೆಗೆ ವೈರಸ್ಸೂ ಮನೆಗೆ ಬರುತ್ತಿತ್ತು.

ಇಳಿಸಿಕೊಳ್ಳುವ ಮಾತೇ ಆಗ ಇರಲಿಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಸಂಪರ್ಕ ದೂರವಾಣಿ ತಂತಿಯ ಮೂಲಕ. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಸಿಡಿಯಲ್ಲಿ 650 ಮೆಗಾಬೈಟ್, ಅಂದರೆ 5200 ಮೆಗಾಬಿಟ್. ಸೆಕೆಂಡಿಗೆ 28.8 ಕಿಲೋಬಿಟ್ ಸಾಗಿಸುವ ಮೋಡೆಮ್ಮಿಗೆ ಅದನ್ನು ತರಲು ಸುಮಾರು 50 ಗಂಟೆ ಬೇಕು, ಅದೂ ನಡುವೆ ತಂತಿ ಕಡಿಯದಿದ್ದರೆ. ಇಂದು ಸೆಕೆಂಡಿಗೆ 50 ಮೆಗಾಬಿಟ್ ವೇಗದ ಫೈಬರ್ ಸಂಪರ್ಕಕ್ಕೆ 104 ಸೆಕೆಂಡು ಸಾಕು. ಅಂಗಡಿ ಮನೆಯೊಳಗೇ ಬಂದದ್ದು ಈ ವ್ಯತ್ಯಾಸದಿಂದ.

ಹಳೆಯ ಆಟ ಏಕೆ ಓಡುವುದಿಲ್ಲ?

ಅಟ್ಟದ ಮೇಲಿನ ಹಳೆಯ ಫ್ಲಾಪಿಯನ್ನೇ ಬಳಸಬಾರದೇಕೆ ಎಂದು ಕೇಳಬಹುದು. ಫ್ಲಾಪಿಯ ಕಾಂತೀಯ ಲೇಪ ವರ್ಷಗಳು ಕಳೆದಂತೆ ದುರ್ಬಲವಾಗುತ್ತದೆ, ಬೂಸಲೂ ಹಿಡಿಯುತ್ತದೆ. ಫ್ಲಾಪಿ ಉಳಿದಿದ್ದರೂ ಅದನ್ನು ಓದುವ ಯಂತ್ರ ಇಲ್ಲ. ಓದಿದರೂ ಆಟ ಓಡದು. ಅಂದಿನ ಅನೇಕ ಆಟಗಳು 16 ಬಿಟ್ಟಿನ ಡಾಸ್ ಯಂತ್ರಗಳಿಗೆ ಬರೆದವು. ಇಂದಿನ 64 ಬಿಟ್ಟಿನ ವಿಂಡೋಸ್ ಅವುಗಳನ್ನು ನೇರವಾಗಿ ನಡೆಸುವುದಿಲ್ಲ. ಕೆಲವು ಆಟಗಳು ಯಂತ್ರದ ವೇಗವನ್ನೇ ಗಡಿಯಾರದಂತೆ ಬಳಸಿದ್ದವು. ಹೊಸ ಯಂತ್ರದಲ್ಲಿ ಅಂಥ ಆಟದ ನಾಯಕ ಕಣ್ಣಿಗೆ ಕಾಣದಷ್ಟು ಬೇಗ ಓಡಿಬಿಡುತ್ತಾನೆ.

ಇದಕ್ಕೆ ಪರಿಹಾರ ದುಭಾಷಿ. ಲಿಂಗರಾಜಪುರದ ಒಂದು ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಎಲ್ಲ ಬಲ್ಲ ಅಂಗಡಿಯವನೊಬ್ಬನಿದ್ದರೆ ಯಾರ ವ್ಯವಹಾರವೂ ನಿಲ್ಲುವುದಿಲ್ಲ. ಹಳೆಯ ಆಟದ ಭಾಷೆಯನ್ನು ಹೊಸ ಯಂತ್ರಕ್ಕೆ ಹಾಗೆ ತಿಳಿಸಿ ಹೇಳುವ ತಂತ್ರಾಂಶಗಳಿವೆ. 2002ರಲ್ಲಿ ಬಂದ ‘ಡಾಸ್‌ಬಾಕ್ಸ್’ ಒಂದು ಹಳೆಯ ಕಂಪ್ಯೂಟರನ್ನೇ ಹೊಸದರೊಳಗೆ ನಟಿಸುತ್ತದೆ, ವೇಗವನ್ನೂ ತಗ್ಗಿಸುತ್ತದೆ. 2001ರ ‘ಸ್ಕಮ್‌ವಿಎಂ’ ಇನ್ನೂ ಜಾಣತನದ್ದು. ಅದು ‘ಮಂಕಿ ಐಲೆಂಡ್’ನಂಥ ಆಟಗಳ ಕಥಾಸೂಚನೆಗಳನ್ನು ತಾನೇ ಓದಿ ನಡೆಸುತ್ತದೆ. ಎರಡೂ ಹವ್ಯಾಸಿಗಳು ಬಿಡುವಿನಲ್ಲಿ ಬರೆದು ಉಚಿತವಾಗಿ ಹಂಚಿದವು.

ಈ ಉಪಾಯ ಮೊದಲೇ ಹೊಳೆದದ್ದು ‘ಜೋರ್ಕ್’ನವರಿಗೆ. ಆಗ ಮಾರುಕಟ್ಟೆಯಲ್ಲಿದ್ದ ಹತ್ತಾರು ಬಗೆಯ ಕಂಪ್ಯೂಟರುಗಳಿಗೆ ಬೇರೆ ಬೇರೆಯಾಗಿ ಆಟ ಬರೆಯುವ ಬದಲು, 1979ರಲ್ಲಿ ಅವರು ‘ಜಡ್ ಮಷೀನ್’ ಎಂಬ ಕಾಲ್ಪನಿಕ ಕಂಪ್ಯೂಟರನ್ನು ಕಾಗದದ ಮೇಲೆ ರೂಪಿಸಿ ಆಟವನ್ನು ಅದಕ್ಕಾಗಿ ಬರೆದರು. ಪ್ರತಿ ನಿಜವಾದ ಯಂತ್ರಕ್ಕೂ ಒಂದೊಂದು ಪುಟ್ಟ ದುಭಾಷಿ. ಆ ಕಾರಣದಿಂದಲೇ ನೂರು ಕಿಲೋಬೈಟಿಗೂ ಕಡಿಮೆ ಗಾತ್ರದ ಆ ಆಟ ಇಂದಿನ ಮೊಬೈಲಿನಲ್ಲೂ ಓಡುತ್ತದೆ.

ಬೀಗವಿರುವ ಅಂಗಡಿ, ಬೀಗವಿಲ್ಲದ ಅಂಗಡಿ

ಇಂಥ ಆಟಗಳನ್ನು ಇಳಿಸಿಕೊಳ್ಳಲು ಇಂದು ಎರಡು ಅಂಗಡಿಗಳು ಮುಖ್ಯ. ಒಂದು ಅಮೆರಿಕದ ವಾಲ್ವ್ ಸಂಸ್ಥೆ 2003ರಲ್ಲಿ ತೆರೆದ ‘ಸ್ಟೀಮ್’. 2015ರಿಂದ ಇಲ್ಲಿ ರೂಪಾಯಿಯಲ್ಲೇ ಬೆಲೆ ಕಾಣುತ್ತದೆ. ಕೊಂಡ ಆಟ ಖಾತೆಗೆ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಆ ಅಂಗಡಿಯ ತಂತ್ರಾಂಶದ ಮೂಲಕವೇ ಅದನ್ನು ತೆರೆಯಬೇಕು.

ಮತ್ತೊಂದರ ಕಥೆ ಬೆಂಗಳೂರಿಗೆ ಪರಿಚಿತವೆನಿಸುವಂಥದು. ತೊಂಬತ್ತರ ದಶಕದ ಪೋಲೆಂಡಿನಲ್ಲೂ ಕಳ್ಳ ಸಿಡಿಗಳದ್ದೇ ರಾಜ್ಯ. 1994ರಲ್ಲಿ ಇಬ್ಬರು ತರುಣರು ‘ಸಿಡಿ ಪ್ರಾಜೆಕ್ಟ್’ ಎಂಬ ಸಂಸ್ಥೆ ಕಟ್ಟಿ ಅಸಲಿ ಆಟಗಳನ್ನು ಮಾರತೊಡಗಿದರು. ಕಳ್ಳ ಮಾಲಿನೊಂದಿಗೆ ಬೆಲೆಯಲ್ಲಿ ಸೆಣಸುವುದು ಅಸಾಧ್ಯ. ಆದ್ದರಿಂದ 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಆಟವನ್ನು ಪೋಲಿಷ್ ಭಾಷೆಗೆ ತಂದು, ನಕ್ಷೆ, ಕೈಪಿಡಿಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಕಳ್ಳನಿಂದ ಸಿಗದದ್ದು ಅಸಲಿಯಲ್ಲಿ ಸಿಕ್ಕರೆ ಜನ ಕೊಳ್ಳುತ್ತಾರೆ ಎಂಬ ಅವರ ನಂಬಿಕೆ ಸುಳ್ಳಾಗಲಿಲ್ಲ. ಅದೇ ನಂಬಿಕೆಯ ಮೇಲೆ 2008ರಲ್ಲಿ ‘ಗುಡ್ ಓಲ್ಡ್ ಗೇಮ್ಸ್’ ಎಂಬ ಅಂಗಡಿ ಆರಂಭವಾಯಿತು. ಇಂದು ಅದರ ಹೆಸರು ‘ಗಾಗ್’. ಹಳೆಯ ಆಟಗಳ ಹಕ್ಕುದಾರರನ್ನು ಹುಡುಕಿ, ಒಪ್ಪಿಗೆ ಪಡೆದು, ಹೊಸ ಯಂತ್ರದಲ್ಲಿ ಓಡುವಂತೆ ಸಜ್ಜುಗೊಳಿಸಿ, ಯಾವ ಬೀಗವೂ ಇಲ್ಲದೆ ಮಾರುವುದು ಅದರ ಪದ್ಧತಿ. 2024ರ ನವೆಂಬರಿನಲ್ಲಿ ಹಳೆಯ ಆಟಗಳನ್ನು ಸುಸ್ಥಿತಿಯಲ್ಲಿ ಉಳಿಸುವ ಪ್ರತ್ಯೇಕ ಯೋಜನೆಯನ್ನೂ ಅದು ಘೋಷಿಸಿತು.

ಹಕ್ಕುದಾರರನ್ನು ಹುಡುಕುವುದೇ ಇಲ್ಲಿ ದೊಡ್ಡ ತೊಡಕು. ಸಂಸ್ಥೆಗಳು ಮುಚ್ಚುತ್ತವೆ, ಮಾರಾಟವಾಗುತ್ತವೆ; ಯಾವ ಆಟ ಯಾರದೆಂದು ಕಾಗದವೇ ಸಿಗದು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇಕಡ 87ರಷ್ಟು ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ.

ಕೊಂಡದ್ದು ವಸ್ತುವಲ್ಲ, ಅನುಮತಿ

ಈಗ ಮೊದಲಿನ ಪ್ರಶ್ನೆ. ಇಳಿಸಿಕೊಂಡ ಆಟ ನಮ್ಮದೆ? ಕಾನೂನಿನ ಮಾತಿನಲ್ಲಿ, ಅಲ್ಲ. ಹಣ ಕೊಟ್ಟಾಗ ಸಿಗುವುದು ಆಡುವ ಪರವಾನಗಿ ಮಾತ್ರ. 2009ರಲ್ಲಿ ಅಮೆಜಾನ್ ಸಂಸ್ಥೆ ಹಕ್ಕಿನ ತಕರಾರಿನಿಂದಾಗಿ ಜಾರ್ಜ್ ಆರ್ವೆಲ್ಲರ ಕೆಲವು ವಿದ್ಯುನ್ಮಾನ ಪುಸ್ತಕಗಳನ್ನು ಓದುಗರ ‘ಕಿಂಡಲ್’ ಯಂತ್ರಗಳಿಂದಲೇ ಅಳಿಸಿಹಾಕಿತು. ಹಣ ಮರಳಿ ಬಂತು, ಪುಸ್ತಕ ಹೋಯಿತು. 2024ರ ಮಾರ್ಚ್ 31ರಂದು ಯುಬಿಸಾಫ್ಟ್ ಸಂಸ್ಥೆ ‘ದಿ ಕ್ರ್ಯೂ’ ಎಂಬ ಕಾರು ಓಟದ ಆಟದ ಸರ್ವರುಗಳನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡವರಿಗೂ ಆಟ ನಿಂತಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾಯ್ದೆ ಮಾಡಿತು. ಕೊಡುತ್ತಿರುವುದು ಬರೀ ಪರವಾನಗಿಯಾದರೆ, ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದವನ್ನು ಅಂಗಡಿಗಳು ಬಳಸುವಂತಿಲ್ಲ. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಶಾಶ್ವತವಾಗಿ ಇಳಿಸಿಕೊಂಡು, ಹೊರಗಿನ ಡಿಸ್ಕಿನಲ್ಲಿಟ್ಟು, ಅಂತರಜಾಲವಿಲ್ಲದೆಯೂ ಬಳಸಬಹುದಾದ ಫೈಲು ಕೊಟ್ಟುಬಿಡುವ ವ್ಯಾಪಾರಕ್ಕೆ ಈ ನಿಯಮದಿಂದ ವಿನಾಯಿತಿ ಇದೆ.

ವ್ಯತ್ಯಾಸ ಇಲ್ಲೇ ಇದೆ. ಬೀಗವಿಲ್ಲದ ಅಂಗಡಿಯೂ ಕೊಡುವುದು ಪರವಾನಗಿಯನ್ನೇ. ಆದರೆ ಆಟವನ್ನು ಅಳವಡಿಸುವ ಫೈಲು ನಮ್ಮ ಕೈಗೆ ಬರುತ್ತದೆ. ಅದನ್ನು ಪೆನ್‌ಡ್ರೈವಿನಲ್ಲೋ ಹೊರಗಿನ ಡಿಸ್ಕಿನಲ್ಲೋ ಇಟ್ಟುಕೊಂಡರೆ ಅಂಗಡಿ ನಾಳೆ ಮುಚ್ಚಿದರೂ ಆಟ ಓಡುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯೂ, ನ್ಯಾಯವಾಗಿ ಪಡೆದ ತಂತ್ರಾಂಶ ಹಾಳಾಗಬಹುದೆಂಬ ಮುನ್ನೆಚ್ಚರಿಕೆಗಾಗಿ ಮೀಸಲು ಪ್ರತಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಹಂಚಲು ಅಲ್ಲ. ‘ಹಳೆಯ ಆಟ ತಾನೆ, ಹಕ್ಕು ಮುಗಿದಿರಬೇಕು’ ಎಂಬುದೂ ತಪ್ಪು ತಿಳಿವಳಿಕೆ. ಈ ಕಾಯ್ದೆಯಂತೆ ಹಕ್ಕು ಕರ್ತೃವಿನ ಜೀವಿತದ ನಂತರವೂ 60 ವರ್ಷ ಇರುತ್ತದೆ.

ಪೋಷಕರು ಗಮನಿಸಬೇಕಾದದ್ದು

ಮೊದಲ ಆಟಕ್ಕೆ ಹಣ ಕೊಡಬೇಕಾಗಿಯೇ ಇಲ್ಲ. 1994ರ ‘ಬಿನೀತ್ ಎ ಸ್ಟೀಲ್ ಸ್ಕೈ’ ಆಟವನ್ನು ಅದರ ತಯಾರಕರೇ 2003ರಲ್ಲಿ ಉಚಿತವಾಗಿ ಬಿಟ್ಟಿದ್ದಾರೆ. ಹಿಡಿಸಿದರೆ ಮುಂದಿನದನ್ನು ಕೊಳ್ಳಬಹುದು.

ಹಳೆಯದೆಂದ ಮಾತ್ರಕ್ಕೆ ಮಕ್ಕಳದಲ್ಲ. 1987ರ ‘ಲೀಷರ್ ಸೂಟ್ ಲ್ಯಾರಿ’ ವಯಸ್ಕರಿಗೆಂದೇ ಬರೆದದ್ದು. ವಯಸ್ಸಿನ ಸೂಚನೆಯನ್ನು ನೋಡಿಯೇ ಆರಿಸಬೇಕು. ‘ಸ್ಟೀಮ್’ ಖಾತೆಗೆ ಕನಿಷ್ಠ 13 ವರ್ಷ ತುಂಬಿರಬೇಕು.

ವಿದೇಶಿ ಅಂಗಡಿಯಲ್ಲಿ ಕಾರ್ಡು ಬಳಸಿದರೆ ಓಟಿಪಿ ಕೇಳದೆಯೇ ಹಣ ಕಡಿತವಾಗುವ ಸಾಧ್ಯತೆ ಉಂಟು. ಕಾರ್ಡಿನ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪಿನಲ್ಲಿ ಬೇಕಾದಾಗ ಮಾತ್ರ ತೆರೆದು, ಮಿತಿ ಹಾಕಿ, ಮತ್ತೆ ಮುಚ್ಚುವುದು ಕ್ಷೇಮ. ಕಾರ್ಡಿನ ಸಂಖ್ಯೆಯನ್ನು ಮಕ್ಕಳ ಖಾತೆಯಲ್ಲಿ ಉಳಿಸಬಾರದು.

ಆಟ ಓಡದಿದ್ದರೆ ಹಣ ಹಿಂದಕ್ಕೆ ಪಡೆಯಬಹುದು. ‘ಸ್ಟೀಮ್’ನಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ‘ಗಾಗ್’ನಲ್ಲಿ 30 ದಿನಗಳೊಳಗೆ.

ಪಣದ ಆಟದೊಂದಿಗೆ ಇದನ್ನು ಬೆರೆಸಬಾರದು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಪಣಕ್ಕಿಟ್ಟು ಆಡುವ ಆಟಗಳನ್ನು. ಹಳೆಯ ಸಾಹಸದ ಆಟಕ್ಕೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು. ಮಟ್ಟ ದಾಟಲು, ಬಟ್ಟೆ ಬದಲಿಸಲು ಎಂದು ಮತ್ತೆ ಮತ್ತೆ ಹಣ ಕೇಳುವ ಇಂದಿನ ಅನೇಕ ಮೊಬೈಲ್ ಆಟಗಳಿಗಿಂತ ಈ ವ್ಯವಹಾರ ಸರಳ.

ಆಟ ಬರೆಯುವವರು ನಮ್ಮಿಂದ ದೂರದವರೇನಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಧ್ರುವ ಇಂಟರಾಕ್ಟಿವ್’ ದೇಶದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದನ್ನು ‘ರಾಕ್‌ಸ್ಟಾರ್’ ಕೊಂಡಿತು. ಇಂಥ ಕಡೆ ಇಂದು ದುಡಿಯುತ್ತಿರುವವರ ಕೆಲಸ ಮೂವತ್ತು ವರ್ಷದ ಮೇಲೆ ಯಾರ ಕೈಯಲ್ಲಿ ಉಳಿದಿರುತ್ತದೆ ಎಂಬುದು ಬೆಂಗಳೂರಿನವರಿಗೂ ಸೇರಿದ ಪ್ರಶ್ನೆ.

ಒಂದು ಶುಭ ಸುದ್ದಿಯೂ ಇದೆ. ‘ಜೋರ್ಕ್’ ಹಲವು ಕೈ ದಾಟಿ 2023ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಗೆ ಸೇರಿತ್ತು. 2025ರ ನವೆಂಬರಿನಲ್ಲಿ ಅದರ ಮೂರೂ ಭಾಗಗಳ ಮೂಲಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಬಳಸಬಹುದೆಂದು ಸಂಸ್ಥೆ ಮುಕ್ತ ಪರವಾನಗಿ ಕೊಟ್ಟಿತು. ಲಿಂಗರಾಜಪುರದ ಒಂದು ಮನೆಯಲ್ಲಿ ಕುಳಿತ ಹೈಸ್ಕೂಲು ವಿದ್ಯಾರ್ಥಿನಿಯೂ ಅದನ್ನು ಇಳಿಸಿಕೊಂಡು ಒಂದೊಂದು ಸಾಲಿನ ಅರ್ಥ ಬಿಡಿಸಬಹುದು. ಅದಕ್ಕೆ ಅಂಗಡಿಯೂ ಬೇಡ, ಕಾರ್ಡೂ ಬೇಡ. ಉಳಿದ ಆಟಗಳಿಗೆ ಆ ದಿನ ಬರುವವರೆಗೆ, ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಂಗಡಿ ನಾಳೆ ಇಲ್ಲವಾದರೆ ನನ್ನ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ?